ಅರವತ್ತಕ್ಕೆ ನಿಲ್ಲಿಸಿದ ಪರೀಕ್ಷೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಹುಳುಕಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ನಗುನಗುತ್ತಾ ಓಗೊಡುತ್ತಿದ್ದಳು. ಅವಳ ಕೆಲಸವೇ ಹುಳುಕು ಹುಡುಕುವುದು. ಇಪ್ಪತ್ತಮೂರು ಜನರ ಆ ಕಂಪನಿ ಮಾಡಿ ಮಾರುತ್ತಿದ್ದದ್ದು ಒಂದೇ ಒಂದು ಸಾಫ್ಟ್‌ವೇರು. ರೋಗಿಯ ರಕ್ತದಿಂದ ಜೀನಿನ ಅಕ್ಷರಗಳನ್ನು ಓದುವ ಯಂತ್ರ ಆಸ್ಪತ್ರೆಯ ಲ್ಯಾಬಿನಲ್ಲಿ ಇರುತ್ತದಲ್ಲ, ಅದು ಆ ಅಕ್ಷರಗಳನ್ನು ಉದ್ದಕ್ಕೆ ಓದಿ ಕೊಡುವುದಿಲ್ಲ. ಹರಿದು ಹಂಚಿಹೋದ ಪುಸ್ತಕದ ಹಾಗೆ ಕೋಟಿಗಟ್ಟಲೆ ಚೂರುಗಳನ್ನು ಉಗುಳುತ್ತದೆ. ಆ ಒಂದೊಂದು ಚೂರನ್ನೂ ಮೂಲಪ್ರತಿಯ ಪಕ್ಕಕ್ಕೆ ಹಿಡಿದು, ಅದರ ಜಾಗದಲ್ಲಿ ಕೂರಿಸಿ, ಎಲ್ಲಿ ಅಕ್ಷರ ಬದಲಾಗಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಹೇಳುವುದು ಇವರ ಸಾಫ್ಟ್‌ವೇರಿನ ಕೆಲಸ. ಅದನ್ನು ನೋಡಿಕೊಂಡು ಡಾಕ್ಟರು, ನಿನಗೆ ನಿನ್ನ ತಾಯಿಯ ಕಾಯಿಲೆ ಬರುವ ಅಪಾಯ ಇದೆ ಎಂದೋ, ಇಲ್ಲ, ನೆಮ್ಮದಿಯಾಗಿ ಮನೆಗೆ ಹೋಗು ಎಂದೋ ಹೇಳುತ್ತಾರೆ.

ಸಾಫ್ಟ್‌ವೇರಿನ ಪ್ರತಿ ಹೊಸ ಆವೃತ್ತಿಯೂ ಆಸ್ಪತ್ರೆಗಳಿಗೆ ಹೋಗುವ ಮೊದಲು ಹುಳುಕಮ್ಮನ ಮೇಜು ದಾಟಬೇಕಿತ್ತು. ಅವಳ ಹತ್ತಿರ ಮುನ್ನೂರು ಮಾದರಿಗಳ ಒಂದು ಪಟ್ಟಿ ಇತ್ತು. ಮುನ್ನೂರಕ್ಕೂ ಸರಿಯುತ್ತರ ಮೊದಲೇ ಗೊತ್ತು. ಸಾಫ್ಟ್‌ವೇರು ಮುನ್ನೂರಕ್ಕೆ ಮುನ್ನೂರೂ ಸರಿ ಹೇಳಿದರೆ ಮಾತ್ರ ಅವಳ ಸಹಿ. ಹದಿನಾರು ವರ್ಷದಲ್ಲಿ ಆ ಸಹಿಯ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ.

ಕಂಪನಿ ಕಟ್ಟಿದವರು ಮೇಷ್ಟ್ರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದರಿಂದ ಆ ಹೆಸರೇ ಉಳಿದುಬಿಟ್ಟಿತ್ತು. ಹುಳುಕಮ್ಮ ಆಗ ಅದೇ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದು ಲೆಕ್ಕ ಬರೆದಿಡುವ ಕೆಲಸಕ್ಕಿದ್ದಳು. ಅವಳ ಕಣ್ಣು ಸೂಕ್ಷ್ಮ ಎಂದು ಕಂಡುಕೊಂಡು, ಮಗಳಂತೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಅವರೇ. ಅದಕ್ಕೇ ಅವರ ಮಾತೆಂದರೆ ಅವಳಿಗೆ ಎರಡಿಲ್ಲ.

ಆ ಸೋಮವಾರ ಬೆಳಿಗ್ಗೆ ದೂರುಗಳ ವಿಭಾಗದಿಂದ ಅವಳಿಗೊಂದು ಪತ್ರ ಬಂತು. ದೂರದ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಾಕೆ ಕಳಿಸಿದ್ದು. ಜೊತೆಗೆ ರೋಗಿಯೊಬ್ಬಳು ಕೈಯಾರೆ ಬರೆದ ಚೀಟಿಯ ಚಿತ್ರವೂ ಇತ್ತು. ದುಂಡು ಅಕ್ಷರ.

‘ನಾನು ಹೊಲಿಗೆ ಕೆಲಸದವಳು. ವಯಸ್ಸು ಮೂವತ್ತನಾಲ್ಕು. ನಮ್ಮಮ್ಮ ಎದೆಯ ಕ್ಯಾನ್ಸರಿನಲ್ಲಿ ಹೋದರು ಅಂತ ಏಳು ತಿಂಗಳ ಹಿಂದೆ ನಿಮ್ಮ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲ ಅಂತ ಬಂತು. ಸಂತೋಷಕ್ಕೆ ಅತ್ತುಬಿಟ್ಟೆ. ವರ್ಷಕ್ಕೆರಡು ಸಲ ಮಾಡಿಸ್ತಿದ್ದ ಸ್ಕ್ಯಾನ್ ಬಿಟ್ಟೆ. ಈಗ ನನಗೂ ಗಂಟು ಬಂದಿದೆ, ಮೂಳೆಗೂ ಹೋಗಿದೆಯಂತೆ. ಬೇರೆ ಲ್ಯಾಬಿನವರು ನೋಡಿ, ನಲವತ್ತು ಅಕ್ಷರಗಳ ಒಂದು ತುಂಡೇ ಕಾಣೆಯಾಗಿದೆ, ಹುಟ್ಟಿನಿಂದಲೇ ಹೀಗಿದೆ ಅಂತಾರೆ. ನಿಮ್ಮ ಕಂಪ್ಯೂಟರಿಗೆ ಅದು ಯಾಕೆ ಕಾಣಲಿಲ್ಲ? ನನಗೆ ದುಡ್ಡು ಬೇಡ. ಯಾಕೆ ಅಂತ ಹೇಳಿ.’

ಕೆಳಗೆ ಫೋನ್ ನಂಬರು.

ಹುಳುಕಮ್ಮ ಮೊದಲು ನಂಬಲಿಲ್ಲ. ಲ್ಯಾಬಿನಲ್ಲಿ ಟ್ಯೂಬು ಅದಲುಬದಲಾಗಿರಬೇಕು ಅಂದುಕೊಂಡಳು. ಅಂಥ ಎಷ್ಟೋ ದೂರುಗಳನ್ನು ಅವಳು ನೋಡಿದ್ದಳು. ಆದರೂ ಲ್ಯಾಬಿನಾಕೆ ರೋಗಿಯ ಒಪ್ಪಿಗೆ ಪಡೆದು ಚೂರುಗಳ ಕಡತವನ್ನೂ ಕಳಿಸಿದ್ದಳಾದ್ದರಿಂದ ಅದನ್ನು ಹೊಸ ಆವೃತ್ತಿಗೆ ಹಾಕಿ ಓಡಿಸಿದಳು. ಏನೂ ಇಲ್ಲ ಎಂದಿತು. ಸುಮ್ಮನೆ ಇರಲಿ ಎಂದು ಹಳೆಯ ಆವೃತ್ತಿಗೂ ಹಾಕಿದಳು. ಅದಕ್ಕೆ ಆರು ಗಂಟೆ ಹಿಡಿಯಿತು. ಸಂಜೆ ಐದಕ್ಕೆ ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು ಬಂತು: ನಲವತ್ತು ಅಕ್ಷರ ಕಾಣೆ.

ಹೊಸ ಆವೃತ್ತಿಯ ಉತ್ತರವನ್ನು ಅವಳು ಅದರ ಪಕ್ಕಕ್ಕೇ ತೆರೆದಿಟ್ಟಳು.

ಹೊಸ ಆವೃತ್ತಿ ಅದೇ ಕೆಲಸವನ್ನು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಿತ್ತು. ಆಸ್ಪತ್ರೆಗಳು ಮುಗಿಬಿದ್ದು ಕೊಂಡಿದ್ದೇ ಆ ವೇಗಕ್ಕೆ. ಆ ವೇಗ ಬಂದದ್ದು ಹೇಗೆ? ಮೂಲಪ್ರತಿಗೆ ಚೆನ್ನಾಗಿ ಹೊಂದದ ಚೂರುಗಳನ್ನು ಕಸವೆಂದು ಬಗೆದು, ಅವಕ್ಕೆ ಜಾಗ ಹುಡುಕುತ್ತಾ ಕೂರದೆ ಪಕ್ಕಕ್ಕೆ ಎಸೆಯುವುದರಿಂದ. ಎಸೆದ ಚೂರುಗಳ ಕಡತ ತೆರೆದು ನೋಡಿದಳು. ಅಲ್ಲೇ ಬಿದ್ದಿದ್ದವು, ಐವತ್ತೊಂದು ಚೂರು. ನಡುವೆ ನಲವತ್ತು ಅಕ್ಷರ ಇಲ್ಲದಿದ್ದರೆ ಚೂರು ಮೂಲಪ್ರತಿಗೆ ಹೊಂದುವುದಾದರೂ ಹೇಗೆ? ಯಾವುದನ್ನು ಹುಡುಕಬೇಕಿತ್ತೋ ಅದನ್ನೇ ಗುಡಿಸಿ ಹೊರಗೆ ಹಾಕಿತ್ತು.

ಇದು ಅವಳ ಪರೀಕ್ಷೆಯಲ್ಲಿ ಸಿಕ್ಕಿಬೀಳಲೇಬೇಕಿತ್ತು. ಮುನ್ನೂರು ಮಾದರಿಗಳಲ್ಲಿ ಇಂಥ ಉದ್ದದ ತುಂಡು ಕಾಣೆಯಾದವು ಇಪ್ಪತ್ತು ಇದ್ದವು. ಪಟ್ಟಿಯಲ್ಲಿ ಅವುಗಳ ಸಂಖ್ಯೆ ಇನ್ನೂರ ನಲವತ್ತೊಂದರಿಂದ ಇನ್ನೂರ ಅರವತ್ತು.

ಅವಳಿಗೆ ತಾನು ಸಹಿ ಹಾಕಿದ ಕಾಗದ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಒಂಬತ್ತು ತಿಂಗಳ ಹಿಂದಿನ ಆ ಗುರುವಾರ ಕಣ್ಣಿಗೆ ಕಟ್ಟಿದ ಹಾಗಿತ್ತು. ಮುನ್ನೂರನ್ನೂ ಪರೀಕ್ಷೆ ಮಾಡಿ ಒಂದೊಂದನ್ನೂ ಕಣ್ಣಾರೆ ನೋಡಲು ನಾಲ್ಕು ದಿನ ಬೇಕು. ಶುಕ್ರವಾರ ಕೊಡುತ್ತೇವೆ ಎಂದು ಮೇಷ್ಟ್ರು ಆಸ್ಪತ್ರೆಗಳಿಗೆ ಮಾತು ಕೊಟ್ಟಿದ್ದರು. ಅರವತ್ತು ಮುಗಿದಿತ್ತು, ಅರವತ್ತೂ ಸರಿ ಇತ್ತು. ಅಷ್ಟರಲ್ಲಿ ಅಳಿಯನ ಫೋನು: ಮಗಳಿಗೆ ಮೂರು ವಾರ ಮೊದಲೇ ನೋವು ಶುರುವಾಗಿದೆ, ರಕ್ತ ಹೋಗುತ್ತಿದೆ, ಆಸ್ಪತ್ರೆಗೆ ಬನ್ನಿ ಅತ್ತೆ. ಹುಳುಕಮ್ಮ ‘ಪರೀಕ್ಷೆ ಪೂರ್ತಿಯಾಗಿದೆ’ ಎಂಬ ಕಡೆ ಸಹಿ ಹಾಕಿ ಓಡಿದ್ದಳು. ಹಾಕು ಎಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರಿಗೆ ಒಂದು ಮಾತು ಹೇಳಿದ್ದರೆ ಅವರು ಸೋಮವಾರದವರೆಗೆ ಕಾಯುತ್ತಿದ್ದರು ಎಂಬುದೂ ಅವಳಿಗೆ ಗೊತ್ತಿತ್ತು. ಬಂದು ಮಾಡಿದರಾಯಿತು ಅಂದುಕೊಂಡಿದ್ದಳು. ಮಗಳು ಬದುಕಿದಳು, ಮೊಮ್ಮಗಳು ಹುಟ್ಟಿದಳು, ಹದಿನೈದು ದಿನ ಹಾಗೇ ಹೋಯಿತು. ವಾಪಸು ಬಂದಾಗ ಸಾಫ್ಟ್‌ವೇರು ಒಂಬತ್ತು ಆಸ್ಪತ್ರೆಗಳಲ್ಲಿ ಓಡುತ್ತಿತ್ತು, ಎಲ್ಲರೂ ಹೊಗಳುತ್ತಿದ್ದರು. ಉಳಿದ ಇನ್ನೂರ ನಲವತ್ತನ್ನು ಅವಳು ಮತ್ತೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಒಂದಕ್ಷರ ಮುಚ್ಚಿಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ಜನರ ರಿಪೋರ್ಟು ಹೋಗಿದೆ?” ಅಂತ ಕೇಳಿದರು.

“ಎರಡು ಸಾವಿರದ ಹತ್ತಿರ ಹತ್ತಿರ.”

“ಅದರಲ್ಲಿ ಇಂಥವು?”

“ಹತ್ತು ಇರಬಹುದು, ಹದಿನೈದು ಇರಬಹುದು ಮೇಷ್ಟ್ರೇ. ಯಾರು ಅಂತ ನಮಗೆ ಗೊತ್ತಾಗಲ್ಲ. ಹೆಸರು, ಕಡತ ಎಲ್ಲ ಆಸ್ಪತ್ರೆಗಳ ಹತ್ರ ಇದೆ. ಅವರೇ ಮತ್ತೆ ಓಡಿಸಿ ನೋಡ್ಬೇಕು. ಇವತ್ತೇ ಎಲ್ರಿಗೂ ಬರೀಬೇಕು.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಇಪ್ಪತ್ತು ದಿನಕ್ಕೆ ಕಂಪನಿಯನ್ನು ಒಂದು ದೊಡ್ಡ ಕಂಪನಿ ಕೊಳ್ಳುವುದಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಇಪ್ಪತ್ತಮೂರು ಜನರ ಕೆಲಸವೂ ಉಳಿಯುತ್ತದೆ ಎಂಬ ಮಾತು ಆಗಿತ್ತು.

“ಇಪ್ಪತ್ತೇ ದಿನ ತಡಿ,” ಎಂದರು. “ನಾನು ಬೇಡ ಅಂತಿಲ್ಲ. ಮಾರಾಟಕ್ಕೆ ಸಹಿ ಆಗ್ಲಿ. ಆಮೇಲೆ ಅವರ ಹತ್ರ ನೂರು ಜನ ಇರ್ತಾರೆ, ಪ್ರತಿ ಆಸ್ಪತ್ರೆಗೂ ಮನುಷ್ಯರನ್ನೇ ಕಳಿಸಬಹುದು. ಈಗ ಹೇಳಿದ್ರೆ ಕಂಪನೀನೇ ಇರಲ್ಲ, ಸರಿ ಮಾಡೋರು ಯಾರು? ಹೊರಗೆ ಕೂತಿರೋ ಹುಡುಗರ ಮುಖ ನೋಡು.”

“ಅಷ್ಟರಲ್ಲಿ ಯಾರಿಗಾದ್ರೂ...”

“ಇಪ್ಪತ್ತು ದಿನದಲ್ಲಿ ಏನಾಗತ್ತೆ? ಆಗೋದೆಲ್ಲ ಒಂಬತ್ತು ತಿಂಗಳಲ್ಲಿ ಆಗಿಹೋಗಿದೆ.” ಹಾಗೆಂದವರೇ ತಮ್ಮ ಮಾತಿಗೆ ತಾವೇ ನಾಚಿದವರಂತೆ ಮುಖ ಒರೆಸಿಕೊಂಡರು. “ನನ್ನ ಮಾತು ಕೇಳು ತಾಯಿ.”

ಅವಳು ಕೇಳಿದಳು. ತಾನು ಒಪ್ಪಿದ್ದು ಮೇಷ್ಟ್ರ ಮೇಲಿನ ಗೌರವಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಕೋಣೆಯಿಂದ ಹೊರಗೆ ಬರುವಾಗ ಎದೆಯ ಭಾರ ಅರ್ಧ ಇಳಿದ ಹಾಗಾಗಿತ್ತು. ತನ್ನ ಸಹಿಯ ವಿಷಯ ಇನ್ನು ಇಪ್ಪತ್ತು ದಿನ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂಬ ಸಮಾಧಾನ ಅದು. ಅದನ್ನು ಗುರುತಿಸಿದ ಕ್ಷಣದಿಂದ ಅವಳಿಗೆ ಅನ್ನ ಸೇರಲಿಲ್ಲ.

ಎಂಟು ದಿನ ಹಾಗೇ ಕಳೆಯಿತು. ಮೊಮ್ಮಗಳು ಅಂಬೆಗಾಲಿಟ್ಟು ಬಂದು ಮಡಿಲು ಹತ್ತಿದರೆ ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಮಗಳು, “ಅಮ್ಮಾ, ಯಾಕಮ್ಮ ಮಗೂನ ಮುಟ್ಟಲ್ಲ ನೀನು?” ಎಂದು ಕೇಳಿದಾಗ ತಲೆನೋವು ಎಂದಳು. ಹುಳುಕಮ್ಮನ ಗಂಡ ಮನೆಯಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ. ಎಂಟನೆಯ ದಿನ ಅವನೆದುರು ಎಲ್ಲವನ್ನೂ ತೋಡಿಕೊಂಡು, “ಏನು ಮಾಡ್ಲಿ ಹೇಳ್ರೀ,” ಎಂದಳು.

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜು ತೆಗೆದ. “ನೀನು ನನ್ನ ಕೇಳ್ತಾ ಇಲ್ಲ ಕಣೆ. ಬೇಡ ಬಿಡು ಅಂತ ನನ್ನ ಬಾಯಲ್ಲಿ ಅನ್ನಿಸ್ಬೇಕು ಅಂತಿದೀಯ. ನಾನು ಅನ್ನಲ್ಲ,” ಎಂದ. ಮತ್ತೆ ಭೂತಗಾಜು ಸಿಕ್ಕಿಸಿಕೊಂಡ.

ಮರುದಿನ ಅವಳು ರಜೆ ಹಾಕಿ, ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿ, ಮೂರು ಗಂಟೆ ರೈಲಿನಲ್ಲಿ ಕೂತು ಹೊಲಿಗೆಯವಳ ಮನೆಗೆ ಹೋದಳು.

ಅದು ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ತುಂಬ ಶಾಲೆಯ ಯೂನಿಫಾರಮ್ಮುಗಳು. ಗುಂಡಿ ಹಾಕಬೇಕಾದವು ಒಂದು ಕಡೆ, ಇಸ್ತ್ರಿ ಆದವು ಒಂದು ಕಡೆ. ಹೊಲಿಗೆಯವಳು ತಲೆಗೆ ಬಟ್ಟೆ ಸುತ್ತಿಕೊಂಡು ಯಂತ್ರದ ಮುಂದೆ ಕೂತಿದ್ದಳು. ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

“ಕೂತ್ಕೊಳ್ಳಿ. ಯಾಕೆ ಅಂತ ಹೇಳೋಕೆ ಇಷ್ಟು ದೂರ ಬಂದ್ರಾ?”

ಹುಳುಕಮ್ಮ ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಎದುರಿಗಿದ್ದ ಕತ್ತರಿ, ಕಾಗದದ ಅಚ್ಚು, ನೆಲದ ಮೇಲಿನ ಚೂರುಬಟ್ಟೆ ನೋಡುತ್ತಾ ಹೇಳತೊಡಗಿದಳು.

“ನೀವು ಅಚ್ಚು ಇಟ್ಟುಕೊಂಡು ಬಟ್ಟೆ ಹೊಂದಿಸ್ತೀರಲ್ಲ, ಹಾಗೇ ಅದೂ. ಅಚ್ಚಿಗೆ ಸರಿಯಾಗಿ ಕೂರದ ಚೂರನ್ನ ಅದು ಕಸದ ಬುಟ್ಟಿಗೆ ಹಾಕ್ತಿತ್ತು. ಬೇಗ ಕೆಲಸ ಮುಗೀಲಿ ಅಂತ ಹಾಗೆ ಮಾಡಿದ್ವಿ. ನಿಮ್ಮ ಕಾಯಿಲೆ ಇದ್ದದ್ದು ಆ ಚೂರಲ್ಲೇ.”

ಹೊಲಿಗೆಯವಳು ಬಗ್ಗಿ, ಕಾಲ ಹತ್ತಿರದ ಬುಟ್ಟಿಯಿಂದ ಒಂದು ನೀಲಿ ಚೂರು ತೆಗೆದು ಬೆರಳಲ್ಲಿ ಬಿಡಿಸಿದಳು.

“ಬುಟ್ಟಿಗೆ ಹಾಕೋ ಮೊದಲು ನಾನು ಒಂದೊಂದು ಚೂರನ್ನೂ ಬಿಡಿಸಿ ನೋಡ್ತೀನಿ. ತೋಳಿನ ತುಂಡು ಹೋಗಿಬಿಟ್ರೆ ಅಂಗಿ ಆಗಲ್ಲವಲ್ಲ. ನಿಮ್ಮಲ್ಲಿ ನೋಡೋರು ಯಾರೂ ಇರ್ಲಿಲ್ವಾ?”

“ಇದ್ರು. ನಾನೇ. ನಾನು ಪೂರ್ತಿ ನೋಡದೆ ಸಹಿ ಹಾಕಿದೆ.”

ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. ಹೊಲಿಗೆಯವಳು ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಅವಳು ಬೈದಿದ್ದರೆ ಹುಳುಕಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನನ್ನದು ಬಿಡಿ,” ಎಂದಳು ಹೊಲಿಗೆಯವಳು. “ನನ್ನ ತಂಗಿ ಇದಾಳೆ. ಅವಳೂ ನನ್ನ ಜೊತೇಲೇ ರಕ್ತ ಕೊಟ್ಟಿದ್ದು. ಅವಳಿಗೂ ಏನೂ ಇಲ್ಲ ಅಂತಲೇ ಬಂದಿದೆ. ಅದು ನಿಜವಾ?”

ಎಂಟು ದಿನ! ಎಂಟು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

“ಗೊತ್ತಿಲ್ಲ,” ಎಂದಳು. “ಇವತ್ತೇ ಗೊತ್ತು ಮಾಡಿಸ್ತೀನಿ.”

ರೈಲು ನಿಲ್ದಾಣಕ್ಕೆ ಹೋಗುವ ಬದಲು ನೇರ ಅದೇ ಊರಿನ ಆಸ್ಪತ್ರೆಗೆ ಹೋದಳು. ಲ್ಯಾಬಿನಾಕೆ, ಸಣಕಲು ಹೆಣ್ಣುಮಗಳು, ಬಿಳಿ ಕೋಟಿನ ತೋಳು ಮಡಿಸಿಕೊಂಡು ನಿಂತೇ ಎಲ್ಲವನ್ನೂ ಕೇಳಿಸಿಕೊಂಡಳು. ಹಳೆಯ ಆವೃತ್ತಿ ಅವಳ ಒಂದು ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ತಂಗಿಯ ಕಡತವನ್ನು ಅದಕ್ಕೆ ಹಾಕಿದಳು. ಅದು ಓಡುತ್ತಿರುವಷ್ಟು ಹೊತ್ತೂ ಹುಳುಕಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಒಂಬತ್ತು ಆಸ್ಪತ್ರೆಗಳಿಗೂ ಪತ್ರ ಬರೆದಳು. ತಪ್ಪು ಏನು, ಎಂದಿನಿಂದ, ಹೇಗೆ ಮತ್ತೆ ಓಡಿಸಬೇಕು ಎಲ್ಲವನ್ನೂ ಬರೆದು, ಕೊನೆಯಲ್ಲಿ, ‘ಪೂರ್ತಿ ಪರೀಕ್ಷೆ ಮಾಡದೆ ಸಹಿ ಹಾಕಿದವಳು ನಾನು. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ,’ ಎಂದು ಸೇರಿಸಿದಳು. ಮೇಷ್ಟ್ರಿಗೂ ಒಂದು ಪ್ರತಿ. ಕಳಿಸುವ ಗುಂಡಿ ಒತ್ತಿದಳು.

ಹತ್ತು ನಿಮಿಷಕ್ಕೆ ಮೇಷ್ಟ್ರ ಫೋನು ಬಂತು.

“ಹೇಳಿ ಮಾಡಬಹುದಿತ್ತು,” ಎಂದರು. ದನಿ ಏರಿಸಲಿಲ್ಲ. “ನಾನು ತಡೀತಿದ್ದೆ. ಆದ್ರೂ ಹೇಳಿ ಮಾಡಬಹುದಿತ್ತು.” ಅಷ್ಟೇ. ಫೋನು ಇಟ್ಟರು.

ಸಂಜೆ ಲ್ಯಾಬಿನಾಕೆ ಹೊರಗೆ ಬಂದಳು. ಏನು ಬಂತು ಎಂದು ಹೇಳುವಂತಿಲ್ಲ. ರೋಗಿಗೆ ಬಿಟ್ಟು ಬೇರೆಯವರಿಗೆ ಹೇಳಿದರೆ ಅವಳ ಕೆಲಸ ಹೋಗುತ್ತದೆ. “ಅವರಿಗೆ ನಾನು ನಾಲ್ಕು ಸಲ ಫೋನ್ ಮಾಡಿದೆ. ಆಸ್ಪತ್ರೆ ನಂಬರ್ ನೋಡಿ ಕಟ್ ಮಾಡ್ತಾರೆ. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ,” ಎಂದಳು. ಸ್ವಲ್ಪ ತಡೆದು, “ಬೇಗ,” ಎಂದಳು.

ಆ ‘ಬೇಗ’ದಲ್ಲಿ ಎಲ್ಲವೂ ಇತ್ತು.

ತಂಗಿ ಊರಿನ ಬಸ್ಸು ಓಡಿಸುತ್ತಿದ್ದಳು. ಅಕ್ಕನ ಮಾತನ್ನೂ ಅವಳು ಕೇಳಲೊಲ್ಲಳಂತೆ. ಅಕ್ಕನಿಗೆ ಕಾಯಿಲೆ ಬಂದಾಗಿನಿಂದ ಆಸ್ಪತ್ರೆ, ರಿಪೋರ್ಟು ಎಂಬ ಮಾತೆತ್ತಿದರೆ ಸಾಕು, ಎದ್ದು ಹೋಗುತ್ತಾಳೆ ಎಂದು ಹೊಲಿಗೆಯವಳು ಫೋನಿನಲ್ಲಿ ಹೇಳಿದಳು. ಹುಳುಕಮ್ಮ ಅಲ್ಲೇ ಒಂದು ಅಗ್ಗದ ಕೋಣೆ ಹಿಡಿದು ಉಳಿದಳು. ಬೆಳಿಗ್ಗೆ ಆ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೂ ಹೋದಳು. ಜನ ಇಳಿದ ಮೇಲೆ ಮುಂದೆ ಹೋಗಿ ತಾನು ಯಾರೆಂದು ಹೇಳಿದಳು.

ತಂಗಿ ಅಕ್ಕನ ಹಾಗಲ್ಲ. ದೊಡ್ಡ ಗಂಟಲು.

“ಓ, ಏನೂ ಇಲ್ಲ ಅಂದವರು ನೀವೇನಾ? ಈಗ ಏನೋ ಇದೆ ಅಂತ ಹೇಳೋಕೆ ಬಂದ್ರಾ? ಒಂದು ಕೆಲಸ ಮಾಡಿ, ಚೀಟಿ ಎತ್ತಿಬಿಡಿ. ನಿಮ್ಮ ಯಂತ್ರಕ್ಕಿಂತ ಅದೇ ವಾಸಿ.”

“ಬೈಯಮ್ಮ, ಎಷ್ಟು ಬೇಕಾದ್ರೂ ಬೈ. ಆದ್ರೆ ಒಂದ್ಸಲ ಹೋಗಿ ಬಾ.”

“ಇಳೀರಿ. ಐದು ನಿಮಿಷಕ್ಕೆ ಗಾಡಿ ಬಿಡ್ಬೇಕು.”

ಹುಳುಕಮ್ಮ ಇಳಿದಳು. ಮುಂದಿನ ಬಾಗಿಲಿಂದ ಇಳಿದು ಹಿಂದಿನ ಬಾಗಿಲಿಂದ ಮತ್ತೆ ಹತ್ತಿದಳು. ಕನ್ನಡಿಯಲ್ಲಿ ಕಂಡ ತಂಗಿಯ ಕಣ್ಣು ಕೆಂಡದಂತಿತ್ತು.

ಆ ದಿನ ಆರು ಸಲ, ಮರುದಿನ ಏಳು ಸಲ ಅವಳು ಆ ದಾರಿಯಲ್ಲಿ ಹೋಗಿ ಬಂದಳು. ಚಾಲಕಿಯ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಮಾತಾಡಿಸಿದರೆ ತಂಗಿ ರೇಡಿಯೋ ಜೋರು ಮಾಡುತ್ತಿದ್ದಳು. ಊರಿನ ಎಲ್ಲ ನಿಲ್ದಾಣ, ಶಾಲೆ, ಪೆಟ್ರೋಲ್ ಬಂಕು ಹುಳುಕಮ್ಮನಿಗೆ ಬಾಯಿಪಾಠವಾದವು. ಇವಳನ್ನು ಹೇಗೆ ಒಪ್ಪಿಸಲಿ? ಬಾಯಿಬಿಟ್ಟು ಹೇಳುವಂತಿಲ್ಲ, ಹೇಳದೆ ಇರುವಂತಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಬ್ಬಳು ಮುದುಕಿ ಪಕ್ಕಕ್ಕೆ ಬಂದು ಕೂತು, “ಎಲ್ಲಿಗೆ ಹೋಗ್ಬೇಕಮ್ಮ ನೀವು? ಬೆಳಿಗ್ಗೆ ಹೋಗೋವಾಗ್ಲೂ ಇದ್ರಿ,” ಎಂದು ಕೇಳಿದಾಗ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಕರವಸ್ತ್ರ ಸಿಗದೆ ಅಂಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಮುದುಕಿ ಗಾಬರಿಯಾಗಿ ಬೆನ್ನು ಸವರಿದಳು. ತಂಗಿ ಕನ್ನಡಿಯಲ್ಲಿ ನೋಡಿದಳು. ರೇಡಿಯೋ ಆರಿಸಿದಳು.

ಮೂರನೆಯ ದಿನ ಬೆಳಿಗ್ಗೆ ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಮೇಲೆ ತಂಗಿ ಎಂಜಿನ್ ನಿಲ್ಲಿಸಿದಳು. ಮುಂದಕ್ಕೇ ನೋಡುತ್ತಾ ಕೇಳಿದಳು:

“ನಂಗೂ ಇದೆ ಅಲ್ವಾ?”

ಹುಳುಕಮ್ಮ ಉತ್ತರ ಕೊಡಲಿಲ್ಲ. ಕೊಡುವಂತಿರಲಿಲ್ಲ. ಇಲ್ಲ ಎನ್ನಬಹುದಾಗಿದ್ದರೆ ಎಂದೋ ಎನ್ನುತ್ತಿದ್ದಳಲ್ಲ ಎಂಬುದು ತಂಗಿಗೂ ಹೊಳೆಯಿತು. ಅವಳು ನಿಧಾನವಾಗಿ ಹಣೆಯನ್ನು ಸ್ಟಿಯರಿಂಗಿನ ಮೇಲೆ ಇಟ್ಟಳು. ಆ ಭಾರಕ್ಕೆ ಹಾರ್ನು ಹೊಡೆದುಕೊಂಡಿತು. ಬೆಚ್ಚಿ ತಲೆ ಎತ್ತಿದಳು.

“ಅಕ್ಕನ್ನ ನೋಡ್ಕೋಬೇಕು ಅಂತ ನಾನು ಗಟ್ಟಿಯಾಗಿದ್ದೆ,” ಎಂದಳು. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. “ಅವಳಿಗೂ ಗಂಡ ಇಲ್ಲ, ನಂಗೂ ಇಲ್ಲ. ಇರೋ ಮೂರು ಮಕ್ಕಳಿಗೆ ನಾವಿಬ್ರೇ. ಇಬ್ರೂ ಮಲಗಿಬಿಟ್ರೆ ಏನು ಮಾಡೋದು? ಗೊತ್ತಿಲ್ದೇ ಇದ್ರೆ ಓಡಾಡ್ಕೊಂಡು ಇರ್ತೀನಿ ಅಂತ ಅನ್ನಿಸ್ತು.”

“ಈಗ್ಲೇ ಹೋದ್ರೆ ಓಡಾಡ್ಕೊಂಡು ಇರಬಹುದು. ಅಕ್ಕನಿಗೆ ಸಿಗದೇ ಇದ್ದ ಸಮಯ ನಿನಗೆ ಸಿಕ್ಕಿದೆ.”

“ಅಕ್ಕನಿಗೆ ಸಿಗದೇ ಇದ್ದದ್ದು ನಿಮ್ಮಿಂದ.”

“ಹೌದು.”

“ನಾನು ಅದನ್ನ ಮರೆಯಲ್ಲ.”

“ಮರೀಬೇಡ. ಬಾ.”

ಮರುದಿನ ತಂಗಿ ಆಸ್ಪತ್ರೆಗೆ ಹೋದಳು. ಸ್ಕ್ಯಾನಿನಲ್ಲಿ ಕೈಗೆ ಇನ್ನೂ ಸಿಗದಷ್ಟು ಚಿಕ್ಕ ಗಂಟು ಕಂಡಿತು. ಬೇರೆಲ್ಲೂ ಹರಡಿರಲಿಲ್ಲ. ಹದಿನೈದು ದಿನದೊಳಗೆ ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರು ಭರವಸೆಯ ಮಾತಾಡಿದರು. ಹುಳುಕಮ್ಮನಿಗೆ ಈ ಸುದ್ದಿ ಹೇಳಿದ್ದು ಹೊಲಿಗೆಯವಳು. ಹೇಳಿದವಳ ದನಿ ಮೊದಲಿಗಿಂತ ಸಣ್ಣದಾಗಿತ್ತು. ಅವಳಿಗೆ ಔಷಧಿ ನಾಟುತ್ತಿರಲಿಲ್ಲ.

ಅತ್ತ ಕಂಪನಿಯ ಕತೆ ಬೇಗ ಮುಗಿಯಿತು. ಪತ್ರ ಹೋದ ನಾಲ್ಕನೆಯ ದಿನಕ್ಕೇ ಕೊಳ್ಳುವವರು ಹಿಂದೆ ಸರಿದರು. ಹುಳುಕಮ್ಮ ಆಫೀಸಿಗೆ ಹೋದಾಗ ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ಯಾವ ಹೆಸರಿನಿಂದಲೂ ಕರೆಯಲಿಲ್ಲ. ಜೊತೆಯಲ್ಲಿ ಹತ್ತು ವರ್ಷ ಟೀ ಕುಡಿದವರು ಅವಳು ಬಂದರೆ ಲೋಟ ಹಿಡಿದು ಎದ್ದು ಹೋದರು. ಮೇಷ್ಟ್ರು ಮಾತ್ರ ಒಂದು ವಾರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಚೂರುಗಳನ್ನು ಎಸೆಯುವ ಭಾಗವನ್ನು ತಮ್ಮ ಕೈಯಾರೆ ಕಿತ್ತು ಹಾಕಿ ಸರಿಪಡಿಸಿದರು. ಅದನ್ನು ಅವಳ ಮೇಜಿಗೆ ಕಳಿಸಿದರು. ಅವಳು ಮುನ್ನೂರಕ್ಕೆ ಮುನ್ನೂರೂ ನೋಡಿ, ಇನ್ನೊಮ್ಮೆ ನೋಡಿ, ಸಹಿ ಹಾಕಿದಳು. ಸರಿಯಾದದ್ದು ಒಂಬತ್ತು ಆಸ್ಪತ್ರೆಗಳಿಗೂ ಹೋದ ಮೇಲೆ ಕಂಪನಿಯ ಬಾಗಿಲು ಮುಚ್ಚಿತು. ಕೊನೆಯ ದಿನ ಮೇಷ್ಟ್ರು ಅವಳ ಮೇಜಿನ ಹತ್ತಿರ ಬಂದು ನಿಂತರು. ಹೆಗಲು ಮುಟ್ಟಿ ಹೋದರು.

ಎಂಟು ಆಸ್ಪತ್ರೆಗಳು ಕಡತಗಳನ್ನು ಮತ್ತೆ ಓಡಿಸಿದವು. ಹನ್ನೊಂದು ರಿಪೋರ್ಟು ಬದಲಾದವು. ಆ ಹನ್ನೊಂದರಲ್ಲಿ ಅಕ್ಕತಂಗಿಯರಿಬ್ಬರು. ಉಳಿದ ಒಂಬತ್ತು ಜನ ಯಾರು, ಹೇಗಿದ್ದಾರೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಒಂಬತ್ತನೆಯ ಆಸ್ಪತ್ರೆಯಿಂದ ಮಾತ್ರ ಉತ್ತರವೇ ಇಲ್ಲ. ಪತ್ರಕ್ಕಿಲ್ಲ, ಫೋನಿಗಿಲ್ಲ. ಕಂಪನಿ ಮುಚ್ಚಿದ ಮರುವಾರ ಅವಳೇ ಹೋದಳು.

ಮೂರು ದಿನ ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ಮುಖ್ಯ ವೈದ್ಯರು ಒಳಗೆ ಕರೆದರು. ಐದು ನಿಮಿಷ ಸಮಯ ಇದೆ ಎಂದರು.

“ನಾವು ಆರು ತಿಂಗಳ ಈಚಿನದನ್ನ ಓಡಿಸಿದೀವಿ. ಯಾವುದೂ ಬದಲಾಗಿಲ್ಲ. ಅದಕ್ಕಿಂತ ಹಿಂದಿನ ಕಡತ ಇಲ್ಲ.”

“ಇಲ್ಲ ಅಂದ್ರೆ?”

“ಅಳಿಸಿದೀವಿ. ಇಟ್ಕೊಳ್ಳೋಕೆ ಜಾಗ ಇರಲ್ಲ, ಒಬ್ಬೊಬ್ಬರದು ಅಷ್ಟೊಂದು ಇರತ್ತೆ. ರಿಪೋರ್ಟು ಕೊಟ್ಟ ಮೇಲೆ ಇನ್ಯಾಕೆ ಅಂತ...”

“ಎಷ್ಟು ಜನ?”

“ನೂರ ಎಂಬತ್ತನಾಲ್ಕು.”

ಕಡತ ಇಲ್ಲದಿದ್ದರೆ ಯಾವ ಸಾಫ್ಟ್‌ವೇರಿಗೂ ಏನೂ ತೋಚುವುದಿಲ್ಲ. ಉಳಿದಿರುವುದು ಒಂದೇ ದಾರಿ: ಆ ನೂರ ಎಂಬತ್ತನಾಲ್ಕು ಜನರನ್ನೂ ಕರೆದು, ಮತ್ತೆ ರಕ್ತ ತೆಗೆಯಬೇಕು. ಇದನ್ನು ಹೇಳಿದರೆ ವೈದ್ಯರು ತಲೆ ಅಲ್ಲಾಡಿಸಿದರು. ನೂರ ಎಂಬತ್ತನಾಲ್ಕರಲ್ಲಿ ಒಬ್ಬರಿಗೆ ಇರಬಹುದು, ಅದೂ ಇದ್ದರೆ. ಅಷ್ಟಕ್ಕೆ ಎಲ್ಲರನ್ನೂ ಗಾಬರಿಪಡಿಸುವುದೇ?

“ಆ ಒಬ್ರು ಹೇಗಿರ್ತಾರೆ ಅಂತ ನಾನು ನೋಡಿ ಬಂದಿದೀನಿ ಡಾಕ್ಟ್ರೇ,” ಎಂದಳು. ಅವಳು ಕೈ ಮುಗಿಯಲಿಲ್ಲ, ಕೂಗಾಡಲಿಲ್ಲ; ಕುರ್ಚಿಯಿಂದ ಏಳಲೂ ಇಲ್ಲ. “ಯೂನಿಫಾರಂ ಹೊಲೀತಾಳೆ. ಎದ್ದು ನಿಲ್ಲೋಕೆ ಗೋಡೆ ಹಿಡೀಬೇಕು. ನಿಮಗೆ ಅವಳ ಕೈಬರಹದ ಚೀಟಿ ತೋರಿಸ್ತೀನಿ, ಓದಿ. ಓದಿ ಆಮೇಲೆ ಬೇಡ ಅಂದ್ರೆ ಹೋಗ್ತೀನಿ.”

ವೈದ್ಯರು ಚೀಟಿ ಓದಿದರು. ಎರಡು ಸಲ ಓದಿದ ಹಾಗಿತ್ತು. ಐದು ನಿಮಿಷ ಯಾವಾಗಲೋ ಕಳೆದಿತ್ತು.

ದಾಖಲೆ ಕೋಣೆಯ ಗುಮಾಸ್ತರು ಫೋನು ಮಾಡಬೇಕು, ಇವಳು ಹೆಸರು ನೋಡಬಾರದು, ಏನು ಹೇಳಬೇಕೆಂದು ಮಾತ್ರ ಬರೆದುಕೊಡಬಹುದು ಎಂದು ತೀರ್ಮಾನವಾಯಿತು. ಗುಮಾಸ್ತರು ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಿವಿ ಸ್ವಲ್ಪ ಮಂದ. ಫೋನಿನಲ್ಲಿ ಊರಿಗೇ ಕೇಳುವ ಹಾಗೆ ಮಾತಾಡುತ್ತಿದ್ದರು. ಹುಳುಕಮ್ಮ ಮೇಜಿನ ಈಚೆ ಕುರ್ಚಿ ಹಾಕಿಕೊಂಡು ಕೂತಳು.

ಒಬ್ಬರು ಸುಳ್ಳು ಕರೆ ಎಂದು ಬೈದು ಇಟ್ಟರು. ಒಬ್ಬರು ಊರು ಬಿಟ್ಟಿದ್ದರು. ಒಬ್ಬಾಕೆ, ಈಗ ಬಸುರಿ, ಇಂಥ ಮಾತು ಕಿವಿಗೆ ಹಾಕಬೇಡಿ ಎಂದಳಂತೆ. ಗುಮಾಸ್ತರು, “ಅಮ್ಮಾ, ಮಗು ಆದ ಮೇಲಾದ್ರೂ ಬನ್ನಿ,” ಎಂದು ಕೂಗಿ ಹೇಳಿ, ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಹತ್ತೊಂಬತ್ತನೆಯ ಕರೆಗೆ ಅವರು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ಕ್ಷಮಿಸಿ. ನಮಗೆ ಗೊತ್ತಿರಲಿಲ್ಲ,” ಎಂದು ಫೋನು ಕೆಳಗಿಟ್ಟರು. ಹುಳುಕಮ್ಮನ ಕಡೆ ನೋಡಲಿಲ್ಲ.

“ಯಾವಾಗ?” ಎಂದಳು ಅವಳು.

“ಹೋದ ತಿಂಗಳು.”

“ಅದೇ ಕಾಯಿಲೆನಾ?”

“ನಾನು ಕೇಳಲಿಲ್ಲಮ್ಮ. ಅವರ ಅಪ್ಪ ಮಾತಾಡಿದ್ದು. ಹೇಗೆ ಕೇಳಲಿ?”

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಂಗಳದಲ್ಲಿ ಆಂಬುಲೆನ್ಸು ತೊಳೆಯುತ್ತಿದ್ದರು. ಅದೇ ಕಾಯಿಲೆಯೋ ಬೇರೆಯೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕಡತ ಇಲ್ಲ, ಆ ಮನುಷ್ಯರೂ ಇಲ್ಲ. ತನ್ನಿಂದಲೋ, ತನ್ನಿಂದಲ್ಲವೋ? ಬದುಕಿರುವಷ್ಟು ದಿನವೂ ಈ ಪ್ರಶ್ನೆ ತನ್ನ ಜೊತೆ ಉಣ್ಣುತ್ತದೆ, ತನ್ನ ಜೊತೆ ಏಳುತ್ತದೆ ಎಂದು ಅವಳಿಗೆ ಆ ಕಿಟಕಿಯ ಹತ್ತಿರ ಖಚಿತವಾಯಿತು.

ಗುಮಾಸ್ತರು ಎರಡು ಲೋಟ ನೀರು ತಂದು ಒಂದನ್ನು ಅವಳ ಮುಂದೆ ಇಟ್ಟರು. ತಾವೂ ಕುಡಿದರು. ಕನ್ನಡಕ ಒರೆಸಿಕೊಂಡು ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇವತ್ತಿಗೆ ಸಾಕು ಅಂತೀರಾ?” ಎಂದು ಕೇಳಿದರು.

“ಬೇಡ. ಮುಂದಿನದು ಮಾಡಿ,” ಎಂದಳು.

ಅವರು ಇಪ್ಪತ್ತನೆಯ ನಂಬರು ಒತ್ತಿದರು.